ಸನಿಕೆ ಇಳಿಯುವ ನೆಲ

"ಕೈ ಎತ್ತೋ ಬೋಳಿಮಗನೆ! ಸನಿಕೆ ಹಿಡ್ಕಂಡು ಜಪ ಮಾಡ್ತಾ ನಿಂತಿದ್ದೀಯಾ?"

ಗಾಲ್ವಿನ್ ಬೈದಾಗ ನಾನು ತಲೆ ಎತ್ತುವುದಿಲ್ಲ. ಅವನೇನು ಹೊರಗಿನವನಲ್ಲ. ನಮ್ಮ ದ್ವೀಪದವನೇ, ನಮ್ಮ ಗುಡಿಸಲಿಂದ ನಾಲ್ಕು ಗುಡಿಸಲು ಆಚೆ ಹುಟ್ಟಿದವನು. ಜಮೀನ್ದಾರನ ಪಾರುಪತ್ಯಗಾರ ಮೆರಿಕ್ ಅವನ ಕಾಲಿಗೆ ಬೂಟು, ಕೈಗೆ ಬೆತ್ತ ಕೊಟ್ಟ ದಿನದಿಂದ ನಮ್ಮ ಅವ್ವಂದಿರೆಲ್ಲ ಅವನ ಬಾಯಿಗೆ ಸಿಕ್ಕಿಬಿಟ್ಟರು. ಬೈಯಲಿ. ನನಗೆ ಆ ಹೊತ್ತಿಗೆ ಅವನ ಬೈಗುಳಕ್ಕಿಂತ ಕಾಲಡಿಯ ಕಲ್ಲಿನ ಮೇಲೆ ಹೆಚ್ಚು ಸಿಟ್ಟು ಬಂದಿತ್ತು.

"ಕಲ್ಲು ಕಣೋ ಗಾಲ್ವಿನ್, ಬರೀ ಕಲ್ಲು," ಎಂದ ನನ್ನ ಪಕ್ಕದಲ್ಲಿ ಅಗೆಯುತ್ತಿದ್ದ ಟೈಗ್. "ನಿಮ್ಮಪ್ಪನ ಬೋಳು ತಲೆ ಮೇಲೆ ಹೊಡ್ದಂಗೆ ಟಣ್ ಅಂತದೆ."

ಟೈಗ್ ಹೇಳಿದ್ದು ಸುಳ್ಳಲ್ಲ. ನಮ್ಮ ಪಶ್ಚಿಮದ ದಡವೆಲ್ಲ ಹಾಗೇ. ಮೇಲೆ ಒಂದು ಗೇಣು ಮಣ್ಣು, ಕೆಳಗೆ ಸ್ಲೇಟು ಬಂಡೆ. ಆ ಗೇಣು ಮಣ್ಣನ್ನೂ ನಮ್ಮ ಅಜ್ಜಂದಿರು ಮರಳು, ಸಮುದ್ರದ ಪಾಚಿ ಹೊತ್ತುಹೊತ್ತು ಮಾಡಿದ್ದು. ಗುಡ್ಡದ ಮೇಲೆ ಕಂಪನಿಯವರ ತಂತಿಮನೆ ಏಳುತ್ತಿತ್ತು. ಮೂರು ಕೋಣೆ, ಎದೆಯೆತ್ತರಕ್ಕೆ ಬಂದ ಗೋಡೆ, ಇನ್ನೂ ಸೂರಿಲ್ಲ. ದಡದಿಂದ ಆ ಮನೆಯವರೆಗೆ ಸೊಂಟದಾಳದ ಕಾಲುವೆ ತೋಡಬೇಕು. ಹಡಗು ಬಂದು ತಂತಿಯ ಈ ತುದಿಯನ್ನು ನಮ್ಮ ದಡದಲ್ಲಿ ಇಳಿಸಿ, ಉಳಿದದ್ದನ್ನು ಸಮುದ್ರದಡಿ ಬಿಡುತ್ತ ಬಿಡುತ್ತ ಅಮೆರಿಕದವರೆಗೂ ಹೋಗುವುದಂತೆ. ಆಮೇಲೆ ಇಲ್ಲಿ ಕುಟ್ಟಿದರೆ ಅಲ್ಲಿ ಕೇಳುವುದಂತೆ.

"ನಮ್ಮಣ್ಣ ಹೋಗಿ ಹನ್ನೆರಡು ವರ್ಷಾತು," ಎಂದ ಟೈಗ್. "ಅದರಾಗೆ ಕುಟ್ಟಿ ಕೇಳ್ಬೋದೇನೋ, ಬದುಕವ್ನಾ ಸತ್ನಾ ಅಂತ?"

"ಅದು ದೊರೆಗಳು ಮಾತಾಡಕ್ಕೆ ಕಣ್ಲಾ. ನಿನ್ನಂಥ ಹೇನುಬುರುಕರಿಗಲ್ಲ. ಅಗಿ!" ಎಂದ ಗಾಲ್ವಿನ್.

ಹನ್ನೆರಡು ದಿನ ಅಗೆದಿದ್ದೆವು. ಆಗಿದ್ದು ಎರಡು ದೋಣಿಯುದ್ದ. ಹಡಗು ಬರಲು ಉಳಿದಿದ್ದು ಇನ್ನು ನಾಲ್ಕೇ ದಿನ.

ಎಂಜಿನಿಯರ್ ಪೆಲ್ ನಕ್ಷೆ ಹಿಡಿದು ಬಂದ. ಮೂಗಿನ ತುದಿಯ ಚರ್ಮ ಸುಲಿದುಹೋದ, ಕಡ್ಡಿಯಂಥ ಮನುಷ್ಯ. ಅವನಿಗೂ ನಮಗೂ ಮೊದಲೇ ಒಂದು ತಕರಾರು ನಡೆದಿತ್ತು. ಕಾಲುವೆಯ ಗುರುತಿಗೆಂದು ಅವನು ಮರದ ಗೂಟ ಹುಗಿಸಿದ್ದ. ಒಂದೇ ಒಂದು ಮರವಿಲ್ಲದ ದ್ವೀಪದಲ್ಲಿ ಒಣಗಿದ ಗೂಟವನ್ನು ಬಯಲಲ್ಲಿ ಬಿಟ್ಟು ಮಲಗುವುದು ಯಾವ ಬುದ್ಧಿ? ಮೊದಲ ಸಲದ ಗೂಟಗಳು ನಮ್ಮ ಆಲೂಗಡ್ಡೆ ಬೇಯಿಸಿದವು, ಎರಡನೇ ಸಲದವೂ ಬೇಯಿಸಿದವು. ಮೂರನೇ ಸಲ ಅವನು ನಮ್ಮ ಸೂರುಗಳ ಹೊಗೆಯನ್ನೇ ಒಂದು ಗಳಿಗೆ ದುರುಗುಟ್ಟಿ ನೋಡಿ ಹೊರಟುಹೋಗಿದ್ದ.

ಈಗ ಅವನು ಇಂಗ್ಲಿಷಿನಲ್ಲಿ ಏನೋ ಕೇಳಿದ. ಗಾಲ್ವಿನ್ ನನ್ನ ಕಡೆ ತಿರುಗಿದ.

"ಮುರಿಶ್, ದೊರೆ ಕೇಳ್ತಾವ್ರೆ. ಈ ಮಗ್ಗುಲಾಗೆ ಸನಿಕೆ ಆಳಕ್ಕಿಳಿಯೋ ನೆಲ ಯಾವ್ದಾದ್ರೂ ಐತಾ ಅಂತ."

ನಾನು ನಕ್ಕುಬಿಟ್ಟೆ. ಆ ನಗೆಗೆ ಈಗಲೂ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

"ಸನಿಕೆ ಇಳಿಯೋದು ಒಂದೇ ಕಡೆ, ಕಿಲ್ಲೀನಾಗೆ. ಅದ ಬಿಟ್ರೆ ಇನ್ನೆಲ್ಲೂ ಇಲ್ಲ ಅಂತ ಹೇಳು," ಎಂದೆ.

ನಮ್ಮಲ್ಲಿ ಹಾಗೆಂದರೆ 'ಇಲ್ಲ' ಎಂದೇ ಅರ್ಥ. ಕಿಲ್ಲೀನು ಎಂದ ಕೂಡಲೇ ಕೇಳಿದವರು ಎದೆ ಮುಟ್ಟಿಕೊಂಡು ಮಾತು ಬದಲಿಸುತ್ತಾರೆ. ಬರದ ವರ್ಷ ಜನ ಹುಲ್ಲು ತಿಂದು ಬಾಯಿ ಹಸಿರು ಮಾಡಿಕೊಂಡು ಸತ್ತರು, ಆದರೂ ಅಲ್ಲೊಂದು ಸಾಲು ಆಲೂಗಡ್ಡೆ ಹಾಕೋಣ ಎಂದು ಯಾರ ಬಾಯಲ್ಲೂ ಬರಲಿಲ್ಲ. ಆ ಹೆಸರೊಂದೇ ಸಾಕು, ಬೇಲಿ ಬೇಡ ಎಂದುಕೊಂಡಿದ್ದೆ. ಪರದೇಶದವನಿಗೆ ಆ ಬೇಲಿ ಕಾಣುವುದಿಲ್ಲ ಎಂದು ನನಗೆ ಹೊಳೆಯಲೇ ಇಲ್ಲ.

ಗಾಲ್ವಿನ್ ನನ್ನನ್ನೇ ಒಂದು ಕ್ಷಣ ನೋಡಿದ. ಆಮೇಲೆ ಬೆತ್ತ ಎತ್ತಿ ಕೆಳಗಿನ ಹಸಿರು ಇಳಿಜಾರನ್ನು ತೋರಿಸಿ, "ಅಲ್ಲಿ, ದೊರೆ," ಎಂದ. ಅಷ್ಟೇ ಹೇಳಿದ.

ಜ್ಞಾನಸ್ನಾನ ಆಗುವ ಮೊದಲೇ ಸತ್ತ ಕೂಸುಗಳನ್ನು ಚರ್ಚಿನ ಸ್ಮಶಾನಕ್ಕೆ ಸೇರಿಸುವುದಿಲ್ಲ. ಶಿಲುಬೆ ಇಲ್ಲ, ಗಂಟೆ ಇಲ್ಲ, ಹೆಸರೂ ಇಲ್ಲ. ಹೊತ್ತು ಮುಳುಗುವ ಸಮಯಕ್ಕೆ ಅಪ್ಪನೊಬ್ಬನೇ ಬಟ್ಟೆಯಲ್ಲಿ ಸುತ್ತಿಕೊಂಡು ಕಿಲ್ಲೀನಿಗೆ ಹೋಗಿ, ಹೂಳಿ, ದಡದಿಂದ ತಂದ ಒಂದು ಬಿಳಿ ಕಲ್ಲು ಮೇಲಿಟ್ಟು ಬರಬೇಕು. ಎಲ್ಲಿ ಹೂಳಿದೆ ಎಂದು ತಾಯಿಗೆ ಹೇಳಬಾರದು. ಹೇಳಿದರೆ ಅವಳು ಅಲ್ಲಿಂದ ಏಳುವುದಿಲ್ಲ, ಮುಂದಿನ ಬಸಿರು ನಿಲ್ಲುವುದಿಲ್ಲ ಅನ್ನುತ್ತಾರೆ. ಆ ಹುಲ್ಲು ತುಳಿದವನಿಗೆ ಮನೆಯ ದಾರಿ ತಪ್ಪುತ್ತದೆ ಎಂದು ನಾವು ದನಗಳನ್ನೂ ಆ ಕಡೆ ಬಿಡುವುದಿಲ್ಲ. ಒಂಬತ್ತು ವರ್ಷದ ಹಿಂದೆ ನಾನೂ ಒಂದನ್ನು ಎತ್ತಿಕೊಂಡು ಹೋಗಿದ್ದೆ. ಹೆಣ್ಣು. ಸೀಳುಬಂಡೆಯಿಂದ ಸಮುದ್ರದ ಕಡೆಗೆ ಇಪ್ಪತ್ತಮೂರು ಹೆಜ್ಜೆ. ನನ್ನ ಹೆಂಡತಿ ಗೊಬ್ನಿಟ್‌ಗೆ ಆಮೇಲೆ ಬಸಿರೇ ನಿಲ್ಲಲಿಲ್ಲ.

ಪೆಲ್ ಕಿಲ್ಲೀನಿನ ಹುಲ್ಲಿಗೆ ಕಬ್ಬಿಣದ ಸಲಾಕೆ ಚುಚ್ಚಿದ. ಅದು ಮೊಳದುದ್ದ ಇಳಿಯಿತು. ಅವನ ಮುಖ ಅರಳಿತು. ಬಂದು ನನ್ನ ಭುಜ ತಟ್ಟಿದ. ಕೆಟ್ಟವನಲ್ಲ ಅವನು, ನನಗೆ ಉರಿಯುವುದೂ ಅದಕ್ಕೇ. ಆಮೇಲೆ ಸುತ್ತ ನೋಡಿ ಬೆರಳು ತೋರಿಸಿ ಏನೋ ಹೇಳಿದ.

"ಈ ಸಲ ಗೂಟ ಬ್ಯಾಡ್ವಂತೆ," ಎಂದ ಗಾಲ್ವಿನ್, ನನ್ನ ಮುಖ ನೋಡದೆ. "ಇಲ್ಲೇ ಬಿಳೇ ಕಲ್ಲು ಬಿದ್ದಾವಲ್ಲ, ಅವನ್ನೇ ಎತ್ತಿ ಸಾಲಾಗಿ ಇಡ್ಬೇಕಂತೆ. ಅವನ್ನ ಯಾರೂ ಒಲೆಗಿಕ್ಕಲ್ವಲ್ಲ."

"ಗಾಲ್ವಿನ್, ಹೇಳೋ. ಇದೇನು ಅಂತ ಆವಯ್ಯನಿಗೆ ಹೇಳೋ!"

"ನೀನೇ ಹೇಳು."

ನನಗೆ ಅವರ ಭಾಷೆ ಎಲ್ಲಿಂದ ಬರಬೇಕು? ಟೋಪಿ ತೆಗೆದೆ. ಎರಡು ತೋಳು ಮಡಿಸಿ ಕೂಸು ತೂಗುವ ಹಾಗೆ ಮಾಡಿ ನೆಲ ತೋರಿಸಿದೆ. ಪೆಲ್ ಕಣ್ಣು ಕಿರಿದು ಮಾಡಿ ನೋಡಿದ. ಅಷ್ಟರಲ್ಲಿ ಮೆರಿಕ್‌ನ ಕುದುರೆ ಬಂತು. ಮೆರಿಕ್‌ಗೆ ನಮ್ಮ ಮಾತು ಚೆನ್ನಾಗಿ ಬರುತ್ತದೆ, ಬೈಯುವುದಕ್ಕೆಂದೇ ಕಲಿತಿದ್ದಾನೆ.

"ಏನಂತೋ ಇವನದು? ಕುಣೀತಿದ್ದಾನೆ?"

ಗಾಲ್ವಿನ್ ಹೇಳಿದ. ಮೆರಿಕ್ ನಕ್ಕು ಚಾವಟಿಯ ಹಿಡಿಯಿಂದ ನನ್ನ ಗದ್ದ ಎತ್ತಿದ.

"ನಿಮ್ಮ ಪಾದ್ರಿಯೇ ಬೇಡ ಅಂತ ಎಸೆದದ್ದು. ಅದರ ಮೇಲೆ ನಿನಗೇನೋ ಹಕ್ಕು? ಇದು ಜಮೀನ್ದಾರ ದೊರೆಯ ಹುಲ್ಲುಗಾವಲು. ಆ ಕಲ್ಲೂ ದೊರೆಯದು. ಎತ್ತು. ಇಲ್ಲ ಅಂದ್ರೆ ನಿನ್ನ ಮನೆ ಸೂರು ಎತ್ತಿಸ್ತೀನಿ."

ನಾನು ಎತ್ತಿದೆ. ಯಾರು ಬೇಕಾದರೂ ಉಗುಳಲಿ, ಎತ್ತಿದೆ. ಹತ್ತೊಂಬತ್ತು ಕಲ್ಲು. ಟೈಗ್‌ನ ಎರಡು, ಅವನ ಅಪ್ಪನ ಕಾಲದ್ದು, ಯಾರದೋ ಯಾರದೋ. ಕೊನೆಗೆ ಸೀಳುಬಂಡೆಯಿಂದ ಇಪ್ಪತ್ತಮೂರನೇ ಹೆಜ್ಜೆಯದ್ದನ್ನೂ ಎತ್ತಿದೆ. ಅದರಡಿ ಹುಲ್ಲಿರಲಿಲ್ಲ, ಬಿಳಿಚಿಕೊಂಡ ಬೇರಿತ್ತು. ಪೆಲ್ ಹೇಳಿದ ಕಡೆ ತಂದು ಇಟ್ಟೆ. ಕಲ್ಲಿನ ಸಾಲು ಕಿಲ್ಲೀನಿನ ನಟ್ಟನಡುವೆ ತಂತಿಮನೆಯ ಕಡೆಗೆ ಏರಿತು. ಸೋಮವಾರ ಬೆಳಿಗ್ಗೆ ಅಗೆತ ಶುರು ಎಂದರು.

ಮನೆಗೆ ಬಂದಾಗ ಗೊಬ್ನಿಟ್ ಪಾಚಿಯ ಬೆನ್ನುಬುಟ್ಟಿ ಇಳಿಸದೆ ಬಾಗಿಲಲ್ಲೇ ನಿಂತಿದ್ದಳು. ಬುಟ್ಟಿಯಿಂದ ನೀರು ತೊಟ್ಟಿಕ್ಕಿ ಅವಳ ಬೆನ್ನೆಲ್ಲ ಒದ್ದೆಯಾಗಿತ್ತು. ದಡದಿಂದ ಅವಳು ಎಲ್ಲ ನೋಡಿದ್ದಳು.

"ಎಲ್ಲೈತೆ?" ಎಂದಳು.

ಅವಳ ಬೆನ್ನಿನ ಬುಟ್ಟಿ ಇಳಿಸಲು ನಾನು ಕೈ ಚಾಚಿದೆ.

"ಒಂಬತ್ ವರ್ಷ ಕೇಳ್ಳಿಲ್ಲ. ಈಗ ಕೇಳ್ತಾ ಇವ್ನಿ. ಎಲ್ಲೈತೆ ಮುರಿಶ್?"

"ಹೇಳ್ಬಾರ್ದು ಕಣೆ. ನಿಂಗೇ ಗೊತ್ತು."

"ಹೇಳ್ಬಾರ್ದು, ಆದ್ರೆ ಅದರ ತಲೆ ಮ್ಯಾಲಿನ ಕಲ್ಲು ಎತ್ತಿ ಆ ಮೂಗು ಸುಲ್ದವನ ಕೈಗೆ ಕೊಡ್ಬೋದು! ಇವತ್ತು ಕಲ್ಲು ಎತ್ದೆ. ಸೋಮವಾರ ಸನಿಕೆ ತುದಿಗೆ ಮೂಳೆ ಬತ್ತದೆ. ಗುರ್ತು ಹಿಡೀತೀಯಾ? ನಮ್ದು ಅಂತ ತೆಗ್ದು ಮಡಗ್ತೀಯಾ, ಇಲ್ಲ ಮಣ್ಣಿನ ಜತೇಲಿ ಎಸೀತೀಯಾ?"

"ಅಗೀದಿದ್ರೆ ಸೂರು ಕಿತ್ತಾಕ್ತಾರೆ. ಬೀದೀಲಿ ಕೂತ್ಕತೀಯಾ?"

"ಕೂತ್ಕತೀನಿ. ಎಲ್ಲಿ ಕೂತ್ಕಬೇಕು ಅಂತ ಹೇಳು, ಅಲ್ಲೇ ಕೂತ್ಕತೀನಿ."

ಅವತ್ತು ಅವಳು ಬೇಯಿಸಿದ ಆಲೂಗಡ್ಡೆಯನ್ನು ನಾನೊಬ್ಬನೇ ತಿಂದೆ. ನಾಚಿಕೆಯಾಯಿತು, ಆದರೂ ತಿಂದೆ.

ಮಾರನೆಯ ದಿನ ಶನಿವಾರ. ನಾನು, ಟೈಗ್, ಸೂಲಗಿತ್ತಿ ಲೇನಜ್ಜಿ ಪಾದ್ರಿಯ ಮನೆಗೆ ಹೋದೆವು. ಬಾಗಿಲು ತೆರೆದರೆ ಮೇಜಿನ ಮುಂದೆ ಮೆರಿಕ್ ಕೂತು ರೊಟ್ಟಿಗೆ ಬೆಣ್ಣೆ ಸವರುತ್ತಿದ್ದ. ನಾವು ಹೊಸಿಲಾಚೆಯೇ ನಿಂತೆವು.

"ಸ್ವಾಮಿ," ಎಂದಳು ಲೇನಜ್ಜಿ, "ಜಾಸ್ತಿ ಏನೂ ಬ್ಯಾಡ. ಆ ನೆಲಕ್ಕೆ ಒಂಚೂರು ತೀರ್ಥ ಚಿಮುಕ್ಸಿ, ಸ್ಮಶಾನ ಅಂತ ಒಂದ್ ಮಾತು ಅಂದ್ಬಿಡಿ. ದೊರೆಗಳು ಸ್ಮಶಾನ ಅಗ್ಸಕ್ಕಿಲ್ಲ."

ಪಾದ್ರಿ ತಮ್ಮ ತಟ್ಟೆಯನ್ನೇ ನೋಡುತ್ತಿದ್ದರು. "ಅದು ನನ್ನ ಕೈಲಿಲ್ಲ ಲೇನ್. ಜ್ಞಾನಸ್ನಾನ ಇಲ್ಲದ್ದಕ್ಕೆ ಸ್ಮಶಾನ ಇಲ್ಲ. ಅಲ್ಲಿರೋದು ಬರೀ ಮಣ್ಣು."

"ಮಣ್ಣಾ?" ಮುದುಕಿ ಎರಡು ಕೈಯನ್ನೂ ಮುಂದೆ ಚಾಚಿದಳು. "ನಲವತ್ ವರ್ಷ ಈ ಕೈಯಾಗೆ ಹಿಡ್ದಿವ್ನಿ ಸ್ವಾಮಿ. ಬೆರಳಿತ್ತು, ಉಗುರಿತ್ತು. ಉಸ್ರಿತ್ತು, ನಾನೇ ಜ್ಞಾನಸ್ನಾನದ ನೀರಾಕ್ದೆ ಅಂತ ಒಂದ್ ಸುಳ್ಳು ಹೇಳಿದ್ರೆ ಎಲ್ಲಾವೂ ನಿಮ್ಮ ಸ್ಮಶಾನದಾಗೆ ಮಲಗಿರವು. ನಿಮ್ಗೆ ಹೆದ್ರಿ ನಿಜ ಹೇಳ್ದೆ. ನಾನ್ ಮಾಡಿದ್ ಪಾಪ ಅದೊಂದೇಯ!"

"ಮುದುಕಿ, ಬಾಯಿ ಮುಚ್ಚು," ಎಂದ ಮೆರಿಕ್, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ. "ಸೋಮವಾರ ಯಾರ ಸನಿಕೆ ಕಾಣಿಸಲ್ವೋ ಅವರ ಸೂರು ಮಂಗಳವಾರ ಕಾಣಿಸಲ್ಲ. ಆಚೆ ದಡದ ಮೂವತ್ತು ಆಳಿಗೂ ಹೇಳಿ ಕಳಿಸಿದ್ದೀನಿ. ನಡೀರಿ, ಬಾಗಿಲು ಹಾಕ್ಕೊಂಡು ಹೋಗಿ. ಗಾಳಿ ಬರ್ತಿದೆ."

ಟೈಗ್ ಬಾಗಿಲು ಹಾಕಿದ. ಮೆತ್ತಗೇ ಹಾಕಿದ, ಅದು ನನ್ನನ್ನು ಇನ್ನಷ್ಟು ಕೆರಳಿಸಿತು.

ಭಾನುವಾರ ಪೂಜೆಯ ನಡುವೆ ಪಾದ್ರಿ ಅದನ್ನೇ ಎಲ್ಲರ ಮುಂದೆ ಹೇಳಿದರು. ನಾಳೆ ಗಂಡಸರೆಲ್ಲ ಕೆಲಸಕ್ಕೆ ಹೋಗಬೇಕು, ಆ ನೆಲ ಅಗೆದರೆ ಪಾಪವಿಲ್ಲ, ಅಲ್ಲಿ ಏನೂ ಇಲ್ಲ. 'ಏನೂ ಇಲ್ಲ' ಎಂದದ್ದೇ ತಡ, ಹೆಂಗಸರ ಕಡೆಯಿಂದ ಗೊಬ್ನಿಟ್ ಎದ್ದಳು. ಶಾಲನ್ನು ತಲೆಗೆ ಎಳೆದುಕೊಂಡು, ಬೆನ್ನು ತೋರಿಸಿ, ಬರಿಗಾಲಲ್ಲಿ ಬಾಗಿಲಿಗೆ ನಡೆದಳು. ಪೂಜೆಯ ಮಧ್ಯೆ ಎದ್ದು ಹೋದವರನ್ನು ನಾನು ಹುಟ್ಟಿದಾಗಿಂದ ನೋಡಿರಲಿಲ್ಲ. ಹಿಂದೆಯೇ ಲೇನಜ್ಜಿ ಕೋಲು ಕುಟ್ಟುತ್ತ ಹೋದಳು. ಆಮೇಲೆ ಟೈಗ್‌ನ ಹೆಂಡತಿ ನೋರೀನ್, ಆಮೇಲೆ ಒಂದೊಂದು ಬೆಂಚೇ ಖಾಲಿಯಾಯಿತು. ನಾವು ಗಂಡಸರು ಕೈಯಲ್ಲಿದ್ದ ಟೋಪಿಯ ಒಳಗೆ ಏನೋ ಬರೆದಿದೆ ಅನ್ನುವಂತೆ ಅದನ್ನೇ ನೋಡುತ್ತ ಕೂತೆವು.

ಪೂಜೆ ಮುಗಿಸಿ ಹೊರಬಂದರೆ ಹೆಂಗಸರೆಲ್ಲ ದಡದಲ್ಲಿದ್ದರು. ಬಗ್ಗಿ ಬಗ್ಗಿ ಬಿಳಿ ಕಲ್ಲು ಆರಿಸಿ ಬೆನ್ನುಬುಟ್ಟಿಗೆ ತುಂಬುತ್ತಿದ್ದರು. ತುಂಬಿದ ಬುಟ್ಟಿ ಹೊತ್ತು ಇಳಿಜಾರು ಹತ್ತಿ, ಪೆಲ್‌ನ ಸಾಲಿನ ಎಡಕ್ಕೊಂದು ಬಲಕ್ಕೊಂದು, ಹೆಜ್ಜೆಗೊಂದು ಕಲ್ಲು ಇಡುತ್ತಿದ್ದರು.

"ಭಾನುವಾರ ಕಣ್ರೇ!" ಎಂದು ಕೂಗಿದ ಟೈಗ್. "ದುಡಿದ್ರೆ ಪಾಪ ಬತ್ತದೆ!"

"ಬಂದು ಬುಟ್ಟಿ ಎತ್ತು," ಎಂದಳು ನೋರೀನ್. "ಪಾಪ ನಂಗರ್ಧ ನಿಂಗರ್ಧ."

ಟೈಗ್ ಕೋಟು ಬಿಚ್ಚಿದ. ನಾನೂ ಬಿಚ್ಚಿದೆ. ಗೊಬ್ನಿಟ್ ನನ್ನ ಜೊತೆ ಮಾತಾಡಲಿಲ್ಲ, ತುಂಬಿದ ಬುಟ್ಟಿಯನ್ನು ಮಾತ್ರ ನನ್ನ ಬೆನ್ನಿಗೇರಿಸಿ ಪಟ್ಟಿ ಎಳೆದಳು. ನನಗೆ ಅಷ್ಟೇ ಸಾಕಾಯಿತು. ಹೊತ್ತು ಇಳಿಯುವವರೆಗೂ ಹೊತ್ತೆವು. ದಡದಿಂದ ಗುಡ್ಡದವರೆಗೆ ಬಿಳಿ ಕಲ್ಲು. ತಂತಿಮನೆಯ ಸೂರಿಲ್ಲದ ಮೂರು ಕೋಣೆಗಳಲ್ಲೂ ನೆಲದ ತುಂಬ ಬಿಳಿ ಕಲ್ಲು. ಪೆಲ್‌ನ ಹತ್ತೊಂಬತ್ತು ಅದರಲ್ಲಿ ಎಲ್ಲಿ ಹೋದವೋ ನಮಗೂ ತಿಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಸಮುದ್ರದಂಚಿನಲ್ಲಿ ಹಡಗಿನ ಹೊಗೆ ಕಾಣುತ್ತಿತ್ತು. ಪೆಲ್ ನಕ್ಷೆ ಬಿಚ್ಚಿ, ಇಳಿಜಾರು ನೋಡಿ, ಮತ್ತೆ ನಕ್ಷೆ ನೋಡಿದ. ನಾಲ್ಕು ಹೆಜ್ಜೆ ಇಟ್ಟು ನಿಂತ. ತನ್ನ ಕಲ್ಲು ಯಾವುವು ಎಂದು ಕೇಳಿದ. ಗಾಲ್ವಿನ್ ಕೂಗಿ ಕೇಳಿದ. ನಾವು ಸನಿಕೆ ಊರಿಕೊಂಡು ನಿಂತೇ ಇದ್ದೆವು, ನಮ್ಮ ಹಿಂದೆ ಹೆಂಗಸರು.

ಆಚೆ ದಡದ ಮೂವತ್ತು ಆಳು ದೋಣಿ ಇಳಿದು ಬಂದರು. ಹುಲ್ಲಿನಂಚಿಗೆ ಬಂದವರೇ ಗಕ್ಕನೆ ನಿಂತು ಟೋಪಿ ತೆಗೆದರು. ಅವರಲ್ಲಿ ಹಿರಿಯನೊಬ್ಬ ಮೆರಿಕ್‌ಗೆ ಕೈಮುಗಿದ.

"ದಣಿ, ಇದು ಕಿಲ್ಲೀನು. ನಮ್ಮೂರಾಗೂ ಒಂದೈತೆ. ಇದ್ರಾಗೆ ಯಾವ್ ಕಲ್ಲು ದಿಟ, ಯಾವ್ದು ಸುಳ್ಳು ಅಂತ ತೋರ್ಸಿ. ಸುಳ್ಳಿನ ಕೆಳಗೆ ಅಗೀತೀವಿ. ಗೊತ್ತಿಲ್ದೆ ಮಾತ್ರ ಸನಿಕೆ ಇಕ್ಕಕ್ಕಿಲ್ಲ."

"ನಾಟಕ!" ಮೆರಿಕ್‌ನ ಕುದುರೆ ಹಿಂದಕ್ಕೆ ಸರಿಯಿತು. "ಎಲ್ಲ ನೆನ್ನೆ ಇಟ್ಟ ಕಲ್ಲು! ಗಾಲ್ವಿನ್, ನೀನು ಅಗಿಯೋ. ಎಲ್ಲಾದರೂ ಸರಿ."

ಗಾಲ್ವಿನ್ ಬೆತ್ತ ಎಸೆದು ನನ್ನ ಸನಿಕೆ ಕಿತ್ತುಕೊಂಡ. ಹುಲ್ಲಿಗೆ ಊರಿ, ಬೂಟುಗಾಲನ್ನು ಅದರ ಮೇಲಿಟ್ಟ. ಒತ್ತಲಿಲ್ಲ. ಸನಿಕೆ ಎತ್ತಿ ಪಕ್ಕಕ್ಕೆ ಇಟ್ಟ. ಅಲ್ಲೂ ಒತ್ತಲಿಲ್ಲ. ಅವನ ಹಣೆಯಿಂದ ಬೆವರು ಮೂಗಿಗಿಳಿಯಿತು.

"ದಣಿ," ಎಂದ. "ನನ್ ಜತೇಲಿ ಹುಟ್ಟಿದ್ದು ಒಂದು ಇಲ್ಲೇ ಎಲ್ಲೋ ಐತೆ. ಅವಳಿಜವಳಿ. ನಮ್ಮಪ್ಪ ಜಾಗ ಹೇಳ್ದೇನೇ ಬರದಾಗೆ ಸತ್ತ."

"ಅಂದ್ರೆ?"

"ಅಂದ್ರೆ... ಎಲ್ಲಿ ಅಗಿದ್ರೂ ನಂದೇ ಅನ್ನಿಸ್ತದೆ."

ಮೆರಿಕ್ ಅವನ ಮುಖಕ್ಕೆ ಉಗುಳಿದ. ಆಮೇಲೆ ನಮ್ಮೆಲ್ಲರ ಕಡೆ ತಿರುಗಿ ನಗುತ್ತ ಹೇಳಿದ.

"ಸರಿ. ನಿಜವಾದದ್ದು ಒಂದಾದರೂ ಇದ್ದರೆ ಒಬ್ಬನಾದರೂ ಬಂದು ಇಲ್ಲಿದೆ ಅನ್ನಲಿ. ಅನ್ನಲ್ಲ! ನಿಮ್ಮನ್ನ ನಾನು ಬಲ್ಲೆ. ಹೆಂಡತಿ ಪಕ್ಕದಲ್ಲಿ ಮಲಗಿ ಒಂದು ಮಾತು ಹೇಳೋಕೆ ಧೈರ್ಯ ಇಲ್ಲದ ಷಂಡರು ನೀವು. ನನ್ನ ಮುಂದೆ ಹೇಳ್ತೀರಾ?"

ಅವನು ನಿಜವಾಗಿಯೂ ನಮ್ಮನ್ನು ಬಲ್ಲವನಾಗಿದ್ದ. ನಮ್ಮ ಅಜ್ಜಂದಿರ ಕಟ್ಟಳೆಯನ್ನೇ ನಮ್ಮ ಬಾಯಿಗೆ ತುರುಕಿ ಕೂತಿದ್ದ. ನಾನು ಸೀಳುಬಂಡೆಯ ಹತ್ತಿರ ಹೋದೆ. ಬೆನ್ನು ಬಂಡೆಗೆ ತಾಗಿಸಿ ನಿಂತು, ಸಮುದ್ರದ ಕಡೆಗೆ ನಡೆದೆ. ಇಪ್ಪತ್ತಮೂರು. ಬಿಳಿಚಿದ ಬೇರು ಹಾಗೇ ಇತ್ತು.

"ಗೊಬ್ನಿಟ್," ಎಂದು ಕೂಗಿದೆ. "ಬಾ. ಇಲ್ಲೈತೆ."

ಗೊಬ್ನಿಟ್ ಕಲ್ಲುಗಳ ನಡುವೆ ಒಂದನ್ನೂ ತುಳಿಯದೆ ಬಂದಳು.

"ಒಂದಾಯ್ತು," ಎಂದ ಮೆರಿಕ್. "ಇದೊಂದರ ಪಕ್ಕದಿಂದ ಕಾಲುವೆ ತಿರುಗಿಸೋಣ. ಅಗೀರೋ!"

"ನೋರೀನ್," ಎಂದ ಟೈಗ್. ಅವನು ಇಪ್ಪತ್ತು ಹೆಜ್ಜೆ ಕೆಳಗೆ ಹೋಗಿ ನಿಂತಿದ್ದ. ಸದಾ ಕುಚೋದ್ಯ ಮಾಡುವವನು ಈಗ ಟೋಪಿ ತೆಗೆದು ಹಿಡಿದಿದ್ದ. "ಇಲ್ಲೊಂದು. ಆ ತೊರೆ ಪಕ್ಕ ಇನ್ನೊಂದು. ಎಲ್ಡ್ರತಾವೂ ನಂಗೆ ನಿಲ್ಲಕ್ಕಾಗಕ್ಕಿಲ್ಲ, ನೀನೊಂದ್ರತಾವ ನಿಂತ್ಕ."

ಆಮೇಲೆ ಗಂಡಸರು ಒಬ್ಬೊಬ್ಬರಾಗಿ ನಡೆದರು. ಕೆಲವರು ತಡವರಿಸಿ, ಹುಲ್ಲು ಮುಟ್ಟಿ ನೋಡಿ, ಹಿಂದೆ ಬಂದು, ಮತ್ತೆ ಹೋದರು. ಇಳಿಜಾರಿನ ತುಂಬ ಹೆಂಗಸರ ಹೆಸರು ಕೂಗುವ ಸದ್ದು. ವಯಸ್ಸಾದ ಒಬ್ಬ ಸತ್ತುಹೋದ ಹೆಂಡತಿಯ ಹೆಸರು ಕೂಗಿದ. ಸನಿಕೆ ಇಳಿಯುವ ನೆಲದಲ್ಲಿ ಸನಿಕೆ ಇಡಲು ಜಾಗ ಉಳಿಯಲಿಲ್ಲ.

ಪೆಲ್ ನಕ್ಷೆ ಮಡಚಿ ಮೆರಿಕ್‌ಗೆ ಏನೋ ಮೆಲ್ಲಗೆ ಹೇಳಿದ. ಮೆರಿಕ್ ಕೇಳಲಿಲ್ಲ. ಅವನ ಕೈಸನ್ನೆಗೆ ಒಬ್ಬ ಗುಡ್ಡದ ಮೇಲೆ ಕೆಂಪು ಬಾವುಟ ಬೀಸಿದ. ಅದಕ್ಕೇ ಕಾದಿದ್ದ ಹಾಗೆ ಆಚೆ ದಡದಿಂದ ಮೂರು ದೋಣಿ ಹೊರಟವು. ಪೊಲೀಸರ ಬಂದೂಕಿನ ತುದಿಗಳು ಬಿಸಿಲಿಗೆ ಮಿನುಗಿದವು. ಒಂದು ದೋಣಿಯಲ್ಲಿ ಸೂರು ಕೀಳುವ ಕೊಕ್ಕೆ, ಹಗ್ಗ ಇದ್ದವು.

ಗಾಲ್ವಿನ್ ಮುಖ ಒರೆಸಿಕೊಳ್ಳದೆ ನನ್ನ ಹತ್ತಿರ ಬಂದ. ಬೂಟು ಬಿಚ್ಚಿ ಕೈಯಲ್ಲಿ ಹಿಡಿದಿದ್ದ.

"ಮುರಿಶ್, ನಾನೆಲ್ಲಿ ನಿಂತ್ಕಳ್ಳಿ?"

"ಎಲ್ಲಾದ್ರೂ ನಿಂತ್ಕ," ಎಂದೆ.

ಗೊಬ್ನಿಟ್ ಆಗಲೇ ಮಂಡಿಯೂರಿ ಕೂತಿದ್ದಳು. ಅಳುತ್ತಿರಲಿಲ್ಲ. ಬಿಳಿಚಿದ ಬೇರಿನಿಂದ ಶುರುಮಾಡಿ ಅಂಗೈಯಗಲಿಸಿ ನೆಲ ಅಳೆದಳು. ಒಂದು ಗೇಣು, ಎರಡು ಗೇಣು. ಅಲ್ಲಿಗೆ ಕೈ ನಿಂತಿತು.

"ತಲೆ ಯಾವ್ ಕಡೆ?" ಎಂದು ಕೇಳಿದಳು.

"ಮನೆ ಕಡೆ," ಎಂದೆ.

ಅವಳು ಮಂಡಿಯನ್ನು ಆ ತುದಿಯಿಂದ ಮೆಲ್ಲಗೆ ಈಚೆಗೆ ಸರಿಸಿಕೊಂಡಳು. ಕೆಳಗೆ ಮೊದಲ ದೋಣಿ ಮರಳಿಗೆ ತಾಗಿದ ಸದ್ದು ಕೇಳಿತು. ಅವಳು ತಿರುಗಿ ನೋಡಲಿಲ್ಲ.